ಸೊಲ್ಲಿಗೆ ಸೊಲ್ಲು ಕೂಡಿಸಿದ ಪಾಠಶಾಲೆ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಸೋಬಾನೆ ಪದದ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಅರಿಶಿನ ಕುಟ್ಟುವಾಗ, ಮದುಮಕ್ಕಳಿಗೆ ನೀರೆರೆಯುವಾಗ, ಒಸಗೆಯಲ್ಲಿ, ತೊಟ್ಟಿಲಿಡುವಲ್ಲಿ ಐದಾರು ಮಂದಿ ಹೆಂಗಸರು ಕೂಡಿ ಕುಳಿತು ಪದ ಹೇಳುತ್ತಿದ್ದರು. ಶ್ರುತಿಗೆ ತಂಬೂರಿಯಿಲ್ಲ, ಹಾರ್ಮೋನಿಯಮ್ಮಿಲ್ಲ; ಬರಿಯ ಕೊರಳೇ ಅವರ ವಾದ್ಯ. ಓದುಬರಹವನ್ನೇ ಕಾಣದ ಈ ತಾಯಂದಿರು ಅಷ್ಟೊಂದು ಪದಗಳನ್ನು ಕಲಿತುದು ಹೇಗೆ? ಅವರ ಪಾಠಶಾಲೆ ಎಲ್ಲಿತ್ತು? ಈ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮದುವೆಯಲ್ಲಿ ಹಾಡುವ ಧವಳವನ್ನೂ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿಯನ್ನೂ ಹೆಸರಿಸುತ್ತದೆ. ನಮ್ಮ ಬೀಸುವ ಪದಗಳ ತ್ರಿಪದಿಯಂತೂ ಅದಕ್ಕಿಂತ ಹಳೆಯದು, ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಕಾಣಸಿಗುತ್ತದೆ. ಅಕ್ಕಮಹಾದೇವಿಯು ‘ಯೋಗಾಂಗ ತ್ರಿವಿಧಿ’ಗೆ ಇದೇ ಛಂದಸ್ಸನ್ನು ಆರಿಸಿಕೊಂಡಳೆಂಬುದನ್ನು ನೆನೆದರೆ, ಹೆಂಗಸರ ಕೊರಳಿಗೂ ತ್ರಿಪದಿಗೂ ಇರುವ ನಂಟು ತಮಗೆ ತಾನಾಗಿಯೇ ಹೊಳೆದೀತು.

ಇನ್ನು ಕಲಿಯುವ ಕ್ರಮವನ್ನು ನೋಡೋಣ. ಮೇಳದಲ್ಲಿ ಒಬ್ಬಾಕೆ ಮುಂದೆ ಹೇಳುವವಳು. ಉಳಿದವರು ಹಿಂದೆ ಹೇಳುವವರು. ಮುಂದಿನವಳು ಒಂದು ಸಾಲನ್ನು ಎತ್ತಿಕೊಡುತ್ತಾಳೆ, ಹಿಂದಿನವರು ಅದನ್ನೇ ಮರಳಿಸುತ್ತಾರೆ. ಹೊಸದಾಗಿ ಬಂದ ಹುಡುಗಿಗೆ ಮೊದಲ ದಿನವೇ ಇಡೀ ಪದವನ್ನು ಯಾರೂ ಹೇರುವುದಿಲ್ಲ. ಆಕೆ ‘ಸೋಬಾನೆ’ ಎಂಬ ಸೊಲ್ಲಿಗೆ ಮಾತ್ರ ದನಿಗೂಡಿಸುತ್ತಾಳೆ. ಕೆಲವು ಮದುವೆಗಳು ಕಳೆಯುವಷ್ಟರಲ್ಲಿ ಸಾಲಿನ ಕೊನೆಯ ಮಾತುಗಳು ಆಕೆಗೆ ಹತ್ತುತ್ತವೆ. ಮುಂದೆ ಇಡೀ ಸಾಲು. ಎಂದೋ ಒಂದು ದಿನ ಹಿರಿಯಳ ದನಿ ಬಿದ್ದಾಗ ತಾನೇ ಮುಂದಿನ ಸಾಲನ್ನು ಎತ್ತಿಕೊಡುತ್ತಾಳೆ. ಹಿಂದಿನವರು ಸಾಲನ್ನು ಮರಳಿಸುವ ಹೊತ್ತು ಮುಂದಿನವಳಿಗೆ ಉಸಿರಾಡುವ ಹೊತ್ತು, ಮುಂದಿನ ಸಾಲನ್ನು ನೆನೆಯುವ ಹೊತ್ತು. ಕಲಿಯುವವಳಿಗೆ ಅದೇ ಪಾಠದ ಹೊತ್ತು.

ಹೊಸ ಪದ ಬರುತ್ತಿದ್ದುದು ಬಹುಮಟ್ಟಿಗೆ ಸೊಸೆಯೊಂದಿಗೆ. ಚನ್ನರಾಯಪಟ್ಟಣದ ಕಡೆಯ ರಾಗಿ ಹೊಲದ ಊರಿನ ಹೆಣ್ಣು ಅರಕಲಗೂಡಿನ ಗದ್ದೆ ಬಯಲಿಗೆ ಸೊಸೆಯಾಗಿ ಬಂದರೆ ತವರಿನ ಪದವೂ ಅವಳ ಜೊತೆಗೆ ಬಂದಿತೆಂದೇ ಲೆಕ್ಕ. ಒಂದೇ ಧಾಟಿಗೆ ಹತ್ತಾರು ಪದಗಳು ಹೊಂದುವುದರಿಂದ, ಮೇಳದವರು ಕೇಳಿದ ಮಾತುಗಳನ್ನು ತಮಗೆ ಬಲ್ಲ ಧಾಟಿಗೆ ಕೂರಿಸಿಕೊಳ್ಳುತ್ತಿದ್ದರು; ಊರದೇವರ ಹೆಸರು, ಮದುಮಕ್ಕಳ ಹೆಸರು ಆಯಾ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ಹೀಗಾಗಿ ಹೊಸದರಲ್ಲಿ ಅರ್ಧಭಾಗ ಮೊದಲೇ ತಿಳಿದದ್ದಾಗಿರುತ್ತಿತ್ತು.

ಅಭ್ಯಾಸಕ್ಕೆಂದು ಬೇರೆ ದಿನವನ್ನು ಗೊತ್ತುಮಾಡಿದವರಿಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಎದುರುಬದುರಾಗಿ ಕುಳಿತ ಇಬ್ಬರಿಗೆ ಕಲ್ಲಿನ ಸುತ್ತೇ ಲಯ. ನಾಟಿಯ ಗದ್ದೆಯಲ್ಲಿ ಹಿಂದೆ ಹಿಂದೆ ಸರಿಯುವ ಹೆಜ್ಜೆಯೇ ಲಯ. ಅಲ್ಲಿ ತಪ್ಪಿದರೆ ನಗುವವರು ಜೊತೆಯವರು ಮಾತ್ರ, ತಿದ್ದುವವರೂ ಅವರೇ. ಆದಕಾರಣ ಬೀಗರ ಮುಂದೆ ತಪ್ಪುವ ಭಯವಿರಲಿಲ್ಲ.

ದೂರದ ಯುರೋಪಿನ ಎಸ್ಟೋನಿಯಾ ದೇಶದ ಸೆಟೊ ಜನರಲ್ಲಿಯೂ ಇಂಥದೇ ರೂಢಿಯುಂಟು. ಅವರ ‘ಲೀಲೊ’ ಹಾಡಿನಲ್ಲಿ ಮುಂದಾಳು ಒಂದು ಸಾಲನ್ನು ಹಾಡುತ್ತಿರುವಾಗ ಮೇಳದವರು ಅದರ ಕೊನೆಯ ಅಕ್ಷರಗಳಿಗೆ ಕೂಡಿಕೊಂಡು, ಬಳಿಕ ಇಡೀ ಸಾಲನ್ನು ಮರಳಿಸುತ್ತಾರೆ. ಯುನೆಸ್ಕೊ ಸಂಸ್ಥೆಯು 2009ರಲ್ಲಿ ಇದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಷ್ಟು ದೂರವೇಕೆ? ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಕಾಲದಿಂದಲೂ ಅಂಧ ಬಾಲಕರು ಕಿವಿಯನ್ನೇ ಪುಸ್ತಕವಾಗಿಸಿಕೊಂಡು ವಿದ್ವಾಂಸರಾದರಲ್ಲವೇ? ಮಠದ ನಿಲಯಗಳಲ್ಲಿ ಓದಿದ ತಾವೂ ಸಹ, ಒಬ್ಬರು ಹೇಳಿಕೊಟ್ಟುದನ್ನು ಹತ್ತು ಜನ ಮರಳಿಸುತ್ತಲೇ ವಚನಗಳನ್ನು ಕಂಠಸ್ಥ ಮಾಡಿಕೊಂಡವರು. ಆ ಕ್ರಮವೂ ಈ ಕ್ರಮವೂ ಒಂದೇ ಬೇರಿನವು.

ಆದರೆ ಆ ಪಾಠಶಾಲೆಯ ಬಾಗಿಲು ಮುಚ್ಚುತ್ತ ಬಂದುದು ಯಾರ ಗಮನಕ್ಕೂ ಬಾರದಂತೆ. ಹಿಟ್ಟಿನ ಗಿರಣಿ ಬಂದಿತು, ಬೀಸುವ ಕಲ್ಲು ಮೂಲೆ ಸೇರಿತು. ನಮ್ಮ ತಾಯಂದಿರ ತೋಳಿನ ನೋವು ತಪ್ಪಿದುದು ಒಳ್ಳೆಯದೇ ಆಯಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ನಿತ್ಯದ ಅಭ್ಯಾಸವೂ ಅದರೊಡನೆ ಹೋಯಿತು. ಮದುವೆಗಳು ಮನೆಯಂಗಳದಿಂದ ಕಲ್ಯಾಣ ಮಂಟಪಕ್ಕೆ ಸಾಗಿದವು. ಧ್ವನಿವರ್ಧಕದ ಮುಂದೆ ಬರಿಯ ಕೊರಳು ಸೋತಿತು. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು ಬಯಲಿಗೆ ನೀರು ಬಂದಿತಾದರೂ, ಮುಳುಗಡೆಯ ಊರುಗಳವರು ಬೇರೆಡೆ ನೆಲೆ ಹುಡುಕಬೇಕಾಯಿತು. ಊರು ಚದುರಿದಲ್ಲಿ ಮೇಳವೂ ಚದುರುತ್ತದೆ. ಮುಂದೆ ಹೇಳುವವಳು ಒಂದೆಡೆ, ಹಿಂದೆ ಹೇಳುವವರು ಇನ್ನೊಂದೆಡೆಯಾದರೆ ಉಳಿಯುವುದು ಪದದ ಅರ್ಧವೇ.

ಉಳಿಸುವ ಕೆಲಸ ನಡೆದೇ ಇಲ್ಲವೆಂದಲ್ಲ. ಇದೇ ಸೀಮೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಹಾಡುಗಳು’ ಎಂಬ ಸಂಗ್ರಹವನ್ನು ಹೊರತಂದರು. ಎಚ್.ಎಲ್. ನಾಗೇಗೌಡರು ಒಬ್ಬಳೇ ತಾಯಿಯ ನೆನಪಿನಿಂದ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಗ್ರಂಥವನ್ನೇ ಸಂಪಾದಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಸ್ಥಾಪಿಸಿದರು. ಈ ಮಹನೀಯರ ಋಣ ದೊಡ್ಡದು. ಆದರೂ ಗ್ರಂಥವು ಮಾತನ್ನು ಉಳಿಸೀತು, ಧ್ವನಿಮುದ್ರಣವು ಧಾಟಿಯನ್ನು ಉಳಿಸೀತು. ಸೊಲ್ಲಿಗೆ ಸೊಲ್ಲು ಕೂಡಿಸುವ ಮಗ್ಗುಲಿನ ಹುಡುಗಿಯನ್ನು ಎರಡೂ ತಂದುಕೊಡಲಾರವು. ಅವಳಿಲ್ಲದ ಪದವು ಕೇಳುವ ವಸ್ತುವಾದೀತೇ ಹೊರತು ಕಲಿಯುವ ವಿದ್ಯೆಯಾಗಲಾರದು.

ಆದುದರಿಂದ ತಮ್ಮಲ್ಲಿ ಒಂದು ವಿನಂತಿ. ತಮ್ಮ ಮನೆಯಲ್ಲಿ ಮುಂದಿನ ಶುಭಕಾರ್ಯವಾದಾಗ, ಪದ ಬಲ್ಲ ಅಜ್ಜಿಯೊಬ್ಬರು ಊರಿನಲ್ಲಿದ್ದರೆ, ಅರಿಶಿನದ ಹೊತ್ತಿಗೆ ಧ್ವನಿವರ್ಧಕವನ್ನು ಅರ್ಧ ಗಳಿಗೆ ನಿಲ್ಲಿಸಿರಿ. ಅವರನ್ನು ಕರೆದು ಗೌರವದಿಂದ ಕುಳ್ಳಿರಿಸಿರಿ. ಮನೆಯ ಮಕ್ಕಳನ್ನು ಅವರ ಹಿಂದೆ ಕೂರಿಸಿರಿ. ಮಕ್ಕಳು ಪದವನ್ನೆಲ್ಲ ಕಲಿಯಬೇಕಾಗಿಲ್ಲ. ಮೊದಲ ದಿನಕ್ಕೆ ಸೊಲ್ಲೊಂದು ಸಾಕು.