ರೇಡಿಯೋದ ಬೆನ್ನು ಬಿಚ್ಚಿದರೆ

ರಾತ್ರಿ ಊಟ ಮುಗಿಸಿ ಡೊಂಬಿವಲಿಯ ಚಾಳಿನ ಕೋಣೆಯಲ್ಲಿ ಮೀಡಿಯಂ ವೇವ್ ಮುಳ್ಳು ತಿರುಗಿಸುತ್ತಾ ಹೋದರೆ, ಮುಂಬಯಿ ನಿಲಯಗಳ ಸಂದಿಯಲ್ಲಿ ಧಾರವಾಡ ಸಿಗುವ ಸಾಧ್ಯತೆ ಇತ್ತು. ಸೂರ್ಯ ಮುಳುಗಿದ ಮೇಲೆ ಆಕಾಶದ ಅಯಾನುಗೋಳದ ಕೆಳಪದರ ಕರಗುತ್ತದೆ. ಹಗಲೆಲ್ಲ ಅದು ಹೀರುತ್ತಿದ್ದ ಅಲೆಗಳು ಮೇಲಿನ ಪದರವನ್ನು ತಲುಪಿ, ಅಲ್ಲಿಂದ ನೂರಾರು ಕಿಲೋಮೀಟರ್ ಆಚೆಗೆ ಮರಳುತ್ತವೆ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಕನ್ನಡ ಘಟ್ಟ ದಾಟಿ ಬರಲು ಇದೇ ದಾರಿ. ಆದರೆ ಅಲೆ ಮನೆಯವರೆಗೆ ಬಂದರೆ ಸಾಲದು, ಅದನ್ನು ಹಿಡಿದು ಮಾತಾಗಿಸಬೇಕು. ಆ ಕೆಲಸ ರೇಡಿಯೋ ಪೆಟ್ಟಿಗೆಯೊಳಗಿನ ಬಿಡಿಭಾಗಗಳದ್ದು.

ಡೊಂಬಿವಲಿಯಿಂದ ಲೋಕಲ್‌ನಲ್ಲಿ ಅರ್ಧ ಗಂಟೆ ದೂರದ ಠಾಣೆಯಲ್ಲಿ ಮರ್ಫಿ ರೇಡಿಯೋ ಕಾರ್ಖಾನೆ ಇತ್ತು. ತುಟಿಯ ಮೇಲೆ ಬೆರಳಿಟ್ಟ ಮರ್ಫಿ ಮಗುವಿನ ಚಿತ್ರ ಮನೆಮನೆಯ ಗೋಡೆ ಏರಿದ್ದನ್ನು ಹಿರಿಯರು ಮರೆತಿಲ್ಲ. ಅಂಥ ಹಳೆಯ ವಾಲ್ವ್ ಸೆಟ್ಟಿನ ಬೆನ್ನು ಬಿಚ್ಚಿದರೆ ಮೊದಲು ಕಾಣುವುದು ಗ್ಯಾಂಗ್ ಕಂಡೆನ್ಸರ್, ಒಂದರೊಳಗೊಂದು ತೂರುವ ಅಲ್ಯೂಮಿನಿಯಂ ರೆಕ್ಕೆಗಳ ಸಾಲು. ಗುಂಡಿ ತಿರುಗಿಸಿದಂತೆ ಎದುರುಬದುರಾಗುವ ರೆಕ್ಕೆಗಳ ವಿಸ್ತಾರ ಬದಲಾಗಿ, ಅವು ಹಿಡಿದಿಡುವ ವಿದ್ಯುತ್ತೂ ಹೆಚ್ಚುಕಡಿಮೆಯಾಗುತ್ತದೆ. ಪಕ್ಕದ ತಾಮ್ರದ ಸುರುಳಿಯೊಡನೆ ಸೇರಿ ಅದು ಒಂದೇ ಕಂಪನಾಂಕಕ್ಕೆ ಓಗೊಡುತ್ತದೆ, ಜೋಕಾಲಿ ತನ್ನದೇ ಲಯಕ್ಕೆ ತೂಗುವ ಹಾಗೆ. ಹೀಗೆ ಆರಿಸಿದ ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವುದು ಡಯೋಡ್. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ವಾಲ್ವ್‌ನೊಳಗಿನ ತಂತಿ ಕೆಂಪಗೆ ಕಾದರೆ ಎಲೆಕ್ಟ್ರಾನುಗಳು ನಿರ್ವಾತದಲ್ಲಿ ತಟ್ಟೆಯತ್ತ ಹಾರುತ್ತವೆ. ನಡುವಿನ ಜಾಲರಿಯ ಮೇಲೆ ಬೀಳುವ ಪುಟ್ಟ ವೋಲ್ಟೇಜು ಆ ದೊಡ್ಡ ಹರಿವನ್ನು ಏರಿಳಿಸುತ್ತದೆ. ಕಾಲುವೆಯ ತೂಬನ್ನು ಒಂದು ಕೈ ಆಡಿಸಿದಂತೆ. ಸೆಟ್ಟು ಹಾಡಲು ಅರೆ ನಿಮಿಷ ಕಾಯಬೇಕಾದದ್ದು ಈ ಕಾಯುವಿಕೆಗಾಗಿಯೇ. ಹಳೆಯ ಸೆಟ್ಟು ಗುಂಯ್ ಎನ್ನತೊಡಗಿದರೆ ರಿಪೇರಿಯವರು ಮೊದಲು ಅನುಮಾನಿಸುವುದು ಎಲೆಕ್ಟ್ರೊಲಿಟಿಕ್ ಕಂಡೆನ್ಸರನ್ನು. ಅದರೊಳಗಿನ ದ್ರವ ಒಣಗಿದರೆ ಮೇನ್ಸಿನ ಏರಿಳಿತ ಸೋಸದೆ ಸ್ಪೀಕರಿಗೆ ಬಂದುಬಿಡುತ್ತದೆ.

ಪೆಟ್ಟಿಗೆ ಇಲ್ಲಿ ಜೋಡಿಸಿದ ಮಾತ್ರಕ್ಕೆ ರೇಡಿಯೋ ನಮ್ಮದಾಯಿತೇ? ಸ್ವಾತಂತ್ರ್ಯದ ನಂತರದ ಎರಡು ದಶಕ ಕಾಡಿದ ಪ್ರಶ್ನೆ ಇದು. ವಾಲ್ವ್ ಹೊರಗಿನಿಂದ ಬಂದರೆ, ಹಡಗು ತಡವಾದಾಗ ಕಾರ್ಖಾನೆಯೂ ಕಾಯಬೇಕು. ವಿಚಿತ್ರವೆಂದರೆ ಅರೆವಾಹಕದ ಮೊದಲ ಪೇಟೆಂಟುಗಳಲ್ಲಿ ಒಂದು ಭಾರತೀಯರದೇ: ಗೆಲೀನಾ ಹರಳಿನ ಪತ್ತೆಕಾರಕಕ್ಕೆ ಜಗದೀಶಚಂದ್ರ ಬೋಸರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಅರಿವು ಇತ್ತು, ಕಾರ್ಖಾನೆ ಇರಲಿಲ್ಲ.

ಕಾರ್ಖಾನೆ ಬಂದದ್ದು ಬೆಂಗಳೂರಿನ ಜಾಲಹಳ್ಳಿಗೆ. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಶುರುಮಾಡಿತು. ಆ ವೇಳೆಗೆ ಜಗತ್ತು ಮುಂದೆ ಹೋಗಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, 1954ರಲ್ಲೇ ಜೇಬಿನ ರೇಡಿಯೋ ಮಾರುಕಟ್ಟೆ ಕಂಡಿತ್ತು. ಬಿಇಎಲ್ ಒಂದೇ ವರ್ಷದ ಅಂತರದಲ್ಲಿ, 1962ರಲ್ಲಿ, ಜರ್ಮೇನಿಯಂ ಅರೆವಾಹಕಗಳಿಗೂ ಕೈಹಾಕಿತು. ಒಂದು ತಂತ್ರವಿದ್ಯೆಯನ್ನು ಕಲಿಯುವಷ್ಟರಲ್ಲಿ ಅದು ಹಳತಾಗುವ ಕಷ್ಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಟ್ರಾನ್ಸಿಸ್ಟರಿನ ತತ್ವವೂ ತೂಬಿನದೇ. ಬೇಸ್‌ಗೆ ಕೊಟ್ಟ ಅಲ್ಪ ಕರೆಂಟು ಕಲೆಕ್ಟರಿನ ದೊಡ್ಡ ಕರೆಂಟನ್ನು ಆಳುತ್ತದೆ. ಆದರೆ ಕಾಯಿಸುವ ತಂತಿ ಬೇಡ, ನೂರಾರು ವೋಲ್ಟು ಬೇಡ, ನಾಲ್ಕು ಸೆಲ್ ಸಾಕು. ಕರೆಂಟಿಲ್ಲದ ಹಳ್ಳಿಗೂ ರೇಡಿಯೋ ಹೋದದ್ದು ಹೀಗೆ. ಜರ್ಮೇನಿಯಂಗೆ ಶಾಖ ಆಗದು, ಬಿಸಿಯೇರಿದಂತೆ ಕರೆಂಟು ಸೋರುತ್ತದೆ. ಅದನ್ನು ತಾಳಿಕೊಂಡ ಸಿಲಿಕಾನ್ ಬಂದ ಮೇಲೆ ಅದರ ಕಾಲ ಮುಗಿಯಿತು.

1962ರ ಯುದ್ಧದ ಮರುವರ್ಷ ಹೋಮಿ ಭಾಭಾ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿ ನೇಮಕವಾಯಿತು. 1966ರ ಜನವರಿಯಲ್ಲಿ ಭಾಭಾ ವಿಮಾನಾಪಘಾತದಲ್ಲಿ ತೀರಿಕೊಂಡರು. ಟ್ರಾಂಬೆಯಲ್ಲಿ ಅವರು ಬೆಳೆಸಿದ ಎಲೆಕ್ಟ್ರಾನಿಕ್ಸ್ ತಂಡ 1967ರಲ್ಲಿ ಹೈದರಾಬಾದಿನ ಇಸಿಐಎಲ್ ಆಯಿತು. ಬಿಡಿಭಾಗದಿಂದ ಚಿಪ್ಪಿಗೆ ಏರುವ ಮೆಟ್ಟಿಲಲ್ಲಿ ಮತ್ತೆ ಎಡವಿದೆವು: ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1989ರ ಬೆಂಕಿಗೆ ಸಿಕ್ಕಿತು.

ಠಾಣೆಯ ಮರ್ಫಿ ಕಾರ್ಖಾನೆ ಈಗಿಲ್ಲ. ವಾಶಿ ಖಾಡಿಯ ಸೇತುವೆ ದಾಟುವಾಗ ದಕ್ಷಿಣಕ್ಕೆ ಟ್ರಾಂಬೆಯ ಗುಡ್ಡ ಕಾಣುತ್ತದೆ. ರೈಲಿನಲ್ಲಿ ನಿಂತವರ ಕೈಯ ಫೋನಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ, ಒಂದೊಂದೂ ಅದೇ ಹಳೆಯ ತೂಬು. ಅವನ್ನು ಮಾಡುವವರು ಯಾರು ಎಂಬ 1961ರ ಪ್ರಶ್ನೆಯೂ ಅವುಗಳ ಜೊತೆಯಲ್ಲೇ ಇದೆ.