ಜಾಲಸಂಧಿಗಳಲ್ಲಿ ಜಂಬೊ ಫ್ರೇಮು: ೧೫೦೦ ಬೈಟ್ ಮೇರೆಯ ಚರಿತ್ರೆ

ಇಂಟರ್‌ನೆಟ್ಟಿನಲ್ಲಿ ದೀರ್ಘ ಸಂದೇಶವು ಅಖಂಡವಾಗಿ ಸಂಚರಿಸುವುದಿಲ್ಲ. ಗ್ರಂಥವೊಂದನ್ನು ಓಲೆಗರಿಗಳಲ್ಲಿ ಹಂಚಿ ಬರೆಯುವಂತೆ ಅದನ್ನು ಫ್ರೇಮುಗಳೆಂಬ ತುಣುಕುಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ವಿಳಾಸವನ್ನು ಕೂಡಿಸಿ ಕಳುಹಿಸುವರು. ಈ ಗರಿ ಎಷ್ಟು ಉದ್ದವಿರಬೇಕೆಂಬ ಪ್ರಶ್ನೆ ಅಲ್ಪವಾಗಿ ತೋರಿದರೂ, ಎರಡು ಜಾಲಗಳು ಸಂಧಿಸುವ ಎಡೆಯಲ್ಲಿ ಅದು ಬಹು ತೊಡಕಿನದಾಗಿದೆ.

ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಈಥರ್ನೆಟ್ಟಿನ ಕಲ್ಪನೆಯನ್ನು ಮುಂದಿಟ್ಟುದು ೧೯೭೩ರಲ್ಲಿ. ೧೯೮೦ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸಂಸ್ಥೆಗಳು ಕೂಡಿ ಹೊರಡಿಸಿದ ನಿಯಮಾವಳಿಯು ಫ್ರೇಮಿನ ಒಡಲಿಗೆ ೧೫೦೦ ಬೈಟುಗಳ ಮೇರೆಯನ್ನು ವಿಧಿಸಿತು. ಆಗ ಅನೇಕ ಯಂತ್ರಗಳು ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದುವು. ಒಂದು ಯಂತ್ರವೇ ಅದನ್ನು ಬಹುಕಾಲ ಆಕ್ರಮಿಸುವುದು ಯುಕ್ತವಾಗಿರಲಿಲ್ಲ. ಯಂತ್ರಗಳ ಮೆಮೊರಿಯೂ ಆಗ ದುಬಾರಿ. ಆದುದರಿಂದ ಈ ಮೇರೆ ಅಂದಿನ ಕಾಲಕ್ಕೆ ಉಚಿತವಾಗಿಯೇ ಇದ್ದಿತು.

೧೯೯೮ರಲ್ಲಿ ಸೆಕೆಂಡಿಗೆ ೧೦೦ ಕೋಟಿ ಬಿಟ್ಟುಗಳ ವೇಗದ ಈಥರ್ನೆಟ್ ಮಾನ್ಯವಾದಾಗ ಪರಿಸ್ಥಿತಿ ಬದಲಾಯಿತು. ಹಳೆಯ ಅಳತೆಯಲ್ಲಿ ತಂತಿ ತುಂಬಿ ಹರಿದರೆ, ಯಂತ್ರವು ಸೆಕೆಂಡಿಗೆ ಸುಮಾರು ೮೧,೦೦೦ ಫ್ರೇಮುಗಳನ್ನು ಎಣಿಸಬೇಕು. ಆಲ್ಟಿಯಾನ್ ಸಂಸ್ಥೆಯು ಸೂಚಿಸಿದ ೯೦೦೦ ಬೈಟುಗಳ 'ಜಂಬೊ' ಫ್ರೇಮಿನಲ್ಲಿ ಈ ಸಂಖ್ಯೆ ಸುಮಾರು ೧೩,೮೦೦ಕ್ಕೆ ಇಳಿಯುತ್ತದೆ. ತಂತಿಯಲ್ಲಿ ಉಳಿತಾಯವಾಗುವುದು ಶೇಕಡ ಎರಡರಷ್ಟು ಮಾತ್ರ. ಮುಖ್ಯ ಲಾಭ ಯಂತ್ರದ ಶ್ರಮದಲ್ಲಿ. ಆದರೂ ಈಥರ್ನೆಟ್ಟಿನ ಮಾನಕಗಳನ್ನು ನಿರ್ಣಯಿಸುವ ಐಇಇಇ ಸಂಸ್ಥೆ ಈ ಅಳತೆಯನ್ನು ಅಂಗೀಕರಿಸಲಿಲ್ಲ.

ಒಬ್ಬನೇ ಒಡೆಯನ ಜಾಲದೊಳಗೆ ಈ ಪದ್ಧತಿ ನಿರಾತಂಕವಾಗಿ ನಡೆಯಬಲ್ಲುದು. ಪಿಯರಿಂಗ್ ಎಂಬ ಪರಸ್ಪರ ವಿನಿಮಯಕ್ಕಾಗಿ ಅನೇಕ ಜಾಲಗಳು ಒಂದೇ ಸ್ವಿಚ್ಚಿಗೆ ಬಂದು ಕೂಡುವಲ್ಲಿ ಹಾಗಲ್ಲ. ರೂಟರು ಅತಿ ದೊಡ್ಡ ತುಣುಕನ್ನು ಒಡೆಯಬಲ್ಲುದು, ಇಲ್ಲವೆ ಕಳುಹಿಸಿದವನಿಗೆ ಎಚ್ಚರಿಕೆಯನ್ನು ಹಿಂದಿರುಗಿಸಬಲ್ಲುದು. ಸ್ವಿಚ್ಚು ಎರಡನ್ನೂ ಮಾಡದು. ಎದುರಿನ ಜಾಲ ೧೫೦೦ಕ್ಕೆ ನಿಂತಿದ್ದರೆ ದೊಡ್ಡ ಫ್ರೇಮು ಸದ್ದಿಲ್ಲದೆ ನಷ್ಟವಾಗುತ್ತದೆ. ಸಣ್ಣ ಸಂದೇಶಗಳು ಮಾತ್ರ ಸುಗಮವಾಗಿ ದಾಟುವುದರಿಂದ ಸಂಪರ್ಕವು ಸ್ವಸ್ಥವಾಗಿದೆಯೆಂಬ ಭ್ರಾಂತಿ ಹುಟ್ಟುವುದು. ಮಾರ್ಗದ ಮೇರೆಯನ್ನು ಕಂಡುಕೊಳ್ಳುವ ವಿಧಾನವೊಂದು ೧೯೯೦ರಲ್ಲಿಯೇ ಪ್ರಕಟವಾಯಿತು. ಆದರೆ ಅದು ಎಚ್ಚರಿಕೆಯ ಸಂದೇಶವನ್ನೇ ನಂಬಿದ್ದಿತು. ಆ ಸಂದೇಶವನ್ನು ಹುಟ್ಟಿಸದ ಇಲ್ಲವೆ ತಡೆಯುವ ಎಡೆಗಳಲ್ಲಿ ವಿಧಾನವು ವಿಫಲವಾಗುವುದರಿಂದ, ಅದನ್ನು ನಂಬದ ಬೇರೊಂದು ವಿಧಾನವು ೨೦೦೭ರಲ್ಲಿ ಹೊರಬಂದಿತು.

ಸ್ವೀಡನ್ನಿನ ನೆಟ್‌ನಾಡ್ ವಿನಿಮಯಕೇಂದ್ರವು ೧೫೦೦ ಮತ್ತು ೪೪೭೦ ಬೈಟುಗಳಿಗೆ ಎರಡು ಪ್ರತ್ಯೇಕ ದಾರಿಗಳನ್ನು ಏರ್ಪಡಿಸಿ ಈ ತೊಡಕನ್ನು ಬಿಡಿಸಿತು. ೨೦೧೧ರಲ್ಲಿ ವಿನಿಮಯಕೇಂದ್ರಗಳಿಗೆಲ್ಲ ಜಂಬೊ ಫ್ರೇಮನ್ನು ಸೂಚಿಸಿದ ಕರಡೊಂದು ಹೊರಟಿತಾದರೂ ಮಾನಕವಾಗಲಿಲ್ಲ.

ಈ ಚರಿತ್ರೆಯಿಂದ ನಿರ್ಣಯವು ಸ್ಪಷ್ಟವಾಗುತ್ತದೆ. ಎರಡೇ ಜಾಲಗಳ ನೇರ ಸಂಪರ್ಕದಲ್ಲಿ ಉಭಯರೂ ಒಪ್ಪಿ, ಎರಡು ತುದಿಗಳಲ್ಲಿಯೂ ಪರೀಕ್ಷಿಸಿ ಜಂಬೊ ಫ್ರೇಮನ್ನು ಬಳಸಬಹುದು; ಹಲವರು ಸೇರುವ ಸಂಧಿಯಲ್ಲಿ ಪ್ರತ್ಯೇಕವಾದ ದಾರಿಯಿಲ್ಲದೆ ಬಳಸತಕ್ಕುದಲ್ಲ. ೧೫೦೦ರ ಮೇರೆಯನ್ನು ಹುಟ್ಟಿಸಿದ ಕಾರಣಗಳು ಅಳಿದುವು. ಎಲ್ಲರ ಒಪ್ಪಿಗೆಯೊಂದೇ ಅದನ್ನು ಉಳಿಸಿದೆ.