ಗಾಲಿ ನೆಲ ಬಿಟ್ಟ ಮೇಲೆ

ಎತ್ತಿನ ಬಂಡಿಗೆ ಕೀಲೆಣ್ಣೆ ಹಾಕುವ ಕ್ರಮವನ್ನು ಹಳ್ಳಿಯ ನಂಟಿರುವವರೆಲ್ಲರೂ ಬಲ್ಲರು. ಎತ್ತುಗಳನ್ನು ಬಿಚ್ಚಿ, ಅಚ್ಚಿನ ಕೆಳಗೆ ಗಟ್ಟಿಮರದ ಊರೆ ಕೊಟ್ಟು, ಗಾಲಿಯನ್ನು ನೆಲದಿಂದ ನಾಲ್ಕು ಬೆರಳಿನಷ್ಟು ಎತ್ತಿದ ಮೇಲೆಯೇ ಕಡಾಣಿಯನ್ನು ಕಳಚುವುದು. ‘ಅಚ್ಚು’ ಎಂಬುದು ಸಂಸ್ಕೃತದ ‘ಅಕ್ಷ’ ಶಬ್ದದ ತದ್ಭವ. ಶಬ್ದವೇ ಅಷ್ಟು ಹಳೆಯದಾದ ಮೇಲೆ ಅಚ್ಚನ್ನು ಎತ್ತಿ ಹಿಡಿಯುವ ಉಪಾಯವೇನೂ ಹೊಸದಾಗಿರಲಾರದು. ಭಾರ ಹೊತ್ತು ನೆಲ ಕಚ್ಚಿ ನಿಂತ ಗಾಲಿ ತನ್ನ ದೋಷವನ್ನು ಮುಚ್ಚಿಟ್ಟುಕೊಳ್ಳುತ್ತದೆ. ನೆಲ ಬಿಟ್ಟು ತಿರುಗಿದಾಗ ಎಲ್ಲವನ್ನೂ ಹೇಳಿಬಿಡುತ್ತದೆ. ಮನೆಯಲ್ಲಿ ಸೈಕಲ್ಲಿರುವವರು ಅದರ ರಿಪೇರಿಗೆಂದು ಒಂದು ಸ್ಟ್ಯಾಂಡನ್ನು ಕೊಳ್ಳಬೇಕೆ, ಕೊಳ್ಳುವುದಾದರೆ ಎಂಥದನ್ನು ಎಂದು ಈಚೆಗೆ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರದ ಬೀಜ ಈ ಬಂಡಿಯ ಊರೆಯಲ್ಲಿಯೇ ಇದೆ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ, ಈ ಎರಡು ಊರುಗಳನ್ನು ಜೊತೆಯಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಎರಡೂ ಕಪಿಲೆಯ ದಡದವು. ನಂಜನಗೂಡಿನಲ್ಲಿ 1735ರಷ್ಟು ಹಿಂದೆಯೇ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಪಿಲೆಗೆ ಕಲ್ಲಿನ ಸೇತುವೆ ಕಟ್ಟಿದರು. 1891ರಲ್ಲಿ ಮೈಸೂರಿನಿಂದ ಅಲ್ಲಿಗೆ ರೈಲು ಬಂದಾಗ, ಬಂಡಿಗಳು ಹೋಗುತ್ತಿದ್ದ ಅದೇ ಸೇತುವೆಯ ಮೇಲೆ ಹಳಿಗಳನ್ನೂ ಹಾಸಿದರು. ಈಗ ರೈಲಿಗೆ ಬೇರೆ ಸೇತುವೆಯಿದೆ. ಹಳೆಯದು ಸ್ಮಾರಕವಾಗಿ ನಿಂತಿದೆ. ನರಸೀಪುರಕ್ಕಾದರೋ ಇಂದಿಗೂ ರೈಲಿಲ್ಲ. ಕಾವೇರಿ ಕಪಿಲೆಗಳು ಕೂಡುವ ಆ ಪುಣ್ಯಸ್ಥಳಕ್ಕೆ ರಸ್ತೆಯೇ ಗತಿ. ಬಸ್ಸಿಗೆ ಕಾಯಲಾರದವನಿಗೆ, ಬಸ್ಸು ಹೋಗದ ಹಳ್ಳಿಯವನಿಗೆ ಬಹುಕಾಲ ಆಸರೆಯಾದದ್ದು ಸೈಕಲ್ಲು. ಹಾಲಿನ ಕ್ಯಾನು, ಬಾಳೆಗೊನೆ, ಎಳನೀರು, ಪತ್ರಿಕೆಯ ಕಟ್ಟು, ಅಂಚೆಯ ಚೀಲ, ಕ್ಯಾರಿಯರಿನ ಮೇಲೊಂದು ಮಗು ಎಲ್ಲವನ್ನೂ ಅದು ಹೊತ್ತಿತು.

ಈ ವಾಹನವೇನೂ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಮಾಡಿದ ಎರಡು ಗಾಲಿಯ ಯಂತ್ರಕ್ಕೆ ಪೆಡಲೇ ಇರಲಿಲ್ಲ. ಸವಾರನು ಅದರ ಮೇಲೆ ಕುಳಿತು ಕಾಲಿನಿಂದ ನೆಲವನ್ನು ಒದ್ದು ಓಡಬೇಕಾಗಿತ್ತು. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿಗಳನ್ನು ಹೆಚ್ಚು ಕಡಮೆ ಸಮಮಾಡಿ, ಹಿಂದಿನ ಗಾಲಿಗೆ ಚೈನು ಜೋಡಿಸಿ ‘ರೋವರ್’ ಸೈಕಲ್ಲನ್ನು ತಂದನು. 1888ರಲ್ಲಿ ಡನ್‌ಲಪ್ ಗಾಳಿಯ ಟಯರನ್ನು ಕೊಟ್ಟನು. ಅಂದಿನಿಂದ ಪಂಚರೂ ಹುಟ್ಟಿತು! ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದರಾಸಿನ ಬಳಿ ಟಿ. ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಂಪನಿಗಳು ಸ್ಥಾಪಿತವಾಗಿ, ರ‍್ಯಾಲಿ ಹರ್ಕ್ಯುಲಿಸ್ ಎಂದು ಹೆಸರಿಟ್ಟು ಪರದೇಶದಿಂದ ಬರುತ್ತಿದ್ದ ಸರಕು ನಮ್ಮ ನಾಡಿನದೇ ಆಯಿತು.

ಆ ಕಪ್ಪುಬಣ್ಣದ ದೊಡ್ಡ ಸೈಕಲ್ಲನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿರಿ. ಹಿಂದಿನ ಗಾಲಿಯ ಅಚ್ಚಿಗೆ ತಗುಲಿಕೊಂಡು ಎರಡು ಕಾಲಿನ ಕಬ್ಬಿಣದ ಸ್ಟ್ಯಾಂಡೊಂದು ಇರುತ್ತಿತ್ತು. ಕಾಲಿನಿಂದ ಅದನ್ನು ಮೆಟ್ಟಿ, ಕ್ಯಾರಿಯರನ್ನು ಹಿಂದಕ್ಕೆಳೆದರೆ ಹಿಂದಿನ ಗಾಲಿ ಮೇಲೆದ್ದು ನಿಲ್ಲುತ್ತಿತ್ತು. ನಾವು ಅದನ್ನು ನಿಲ್ಲಿಸುವ ಸಾಧನವೆಂದೇ ತಿಳಿದೆವು. ನಿಜವಾಗಿ ಅದು ಬಂಡಿಯ ಊರೆಯ ಮೊಮ್ಮಗ. ಸ್ಟ್ಯಾಂಡ್ ಹಾಕಿ ಪೆಡಲು ತಿರುಗಿಸಿದರೆ ಚೈನು ಸಡಿಲವೋ ಬಿಗಿಯೋ, ರಿಮ್ಮು ಬ್ರೇಕಿಗೆ ತಾಗುತ್ತದೆಯೋ ಇಲ್ಲವೋ ಎಲ್ಲವೂ ಕಾಣುತ್ತಿತ್ತು. ಶನಿವಾರ ಸಂಜೆ ಅಂಗಳದಲ್ಲಿ ಅಪ್ಪ ಚೈನಿಗೆ ಎಣ್ಣೆ ಬಿಡುತ್ತಿದ್ದರೆ ಪೆಡಲು ತಿರುಗಿಸುವುದು ಮಕ್ಕಳ ಹಕ್ಕಾಗಿತ್ತು. ಹೀಗೆ ಪ್ರತಿಯೊಂದು ಸೈಕಲ್ಲೂ ತನ್ನ ರಿಪೇರಿಯ ಸ್ಟ್ಯಾಂಡನ್ನು ತಾನೇ ಹೊತ್ತು ತಿರುಗುತ್ತಿತ್ತು.

ಗಾಲಿಯನ್ನು ಎತ್ತಲೇಬೇಕೇಕೆ ಎಂದು ಕೇಳುವಿರೋ? ಬಂಡಿಯ ಗಾಲಿಯಲ್ಲಿ ಮರದ ಅರೆಗಳು ಭಾರವನ್ನು ಹೊತ್ತು ನಿಲ್ಲುತ್ತವೆ. ಸೈಕಲ್ಲಿನ ತಂತಿಯ ಕಡ್ಡಿಗಳಾದರೋ ರಿಮ್ಮನ್ನು ಎಲ್ಲ ಕಡೆಯಿಂದಲೂ ಒಳಕ್ಕೆ ಎಳೆದು ಹಿಡಿಯುತ್ತವೆ. ಹಳೆಯ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳು. ಅವುಗಳಲ್ಲಿ ಒಂದು ಸಡಿಲವಾದರೂ ಗಾಲಿ ಓಲಾಡುತ್ತದೆ. ‘ಬೆಂಡ್ ತೆಗೆಯುವುದು’ ಎಂದರೆ ಇಷ್ಟೇ: ಗಾಲಿಯನ್ನು ತಿರುಗಿಸುತ್ತ, ರಿಮ್ಮು ವಾಲಿದ ಕಡೆಗೆ ಎದುರು ಕಡೆಯ ಕಡ್ಡಿಯನ್ನು ಒಂದಿಷ್ಟು ಬಿಗಿಮಾಡುವುದು. ನೆಲದ ಮೇಲಿರುವ ಗಾಲಿಯಲ್ಲಿ ಇದು ಸಾಧ್ಯವಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ಹೇಳುತ್ತೇನೆ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಸ್ಥಳಪುರಾಣವನ್ನು ಕೇಳಿರುವಿರಷ್ಟೆ. ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚು ಎಂದು ಭಕ್ತರ ನಂಬಿಕೆ. ಮುಂದಿನ ಗಾಲಿಯನ್ನು ಎತ್ತಿ ಮೆಲ್ಲನೆ ತಿರುಗಿಸಿ ಬಿಟ್ಟುಬಿಡಿ. ಬಾಲ್ಸುಗಳು ಸರಿಯಾಗಿದ್ದು ಬ್ರೇಕು ತಾಗದಿದ್ದರೆ, ಗಾಲಿ ನಿಲ್ಲುವ ಮೊದಲು ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ತೂಗಿ, ಸಾಮಾನ್ಯವಾಗಿ ಟ್ಯೂಬಿನ ವಾಲ್ವು ಕೆಳಕ್ಕೆ ಬಂದಾಗ ನಿಲ್ಲುತ್ತದೆ. ವಾಲ್ವಿನ ಆ ಗುಲಗಂಜಿಯಷ್ಟು ತೂಕವೇ ಇಡೀ ಗಾಲಿಯನ್ನು ಎಳೆಯಬಲ್ಲದು. ಹಾಗೆ ತೂಗದೆ ತಟ್ಟನೆ ನಿಂತರೆ ಅಚ್ಚಿನ ಕೋನು ಅತಿ ಬಿಗಿಯಾಗಿದೆ, ಇಲ್ಲವೆ ಗ್ರೀಸು ಒಣಗಿದೆ ಎಂದು ತಿಳಿಯಬೇಕು.

ಈಗ ಮನೆಗಳಿಗೆ ಬರುತ್ತಿರುವ ಗೇರ್ ಸೈಕಲ್ಲುಗಳಲ್ಲಿ ಆ ಹಿಂದಿನ ಸ್ಟ್ಯಾಂಡು ಮಾಯವಾಗಿದೆ. ಕೆಲವಕ್ಕೆ ಪಕ್ಕದ ಒಂಟಿಕಾಲು, ಕೆಲವಕ್ಕೆ ಅದೂ ಇಲ್ಲ. ಹಗುರವಾಗಲೆಂದು ಕಳೆದರು, ಜೊತೆಗೆ ಮನೆಯವರ ರಿಪೇರಿಯ ಅನುಕೂಲವೂ ಕಳೆಯಿತು. ಆದುದರಿಂದಲೇ ಸ್ಟ್ಯಾಂಡನ್ನು ಬೇರೆ ಕೊಳ್ಳುವ ಪ್ರಸಂಗ ಬಂದಿರುವುದು. ರೇಡಿಯೋ ಕೇಳುವ ನಿಮಗೆ ಸ್ವಾರಸ್ಯವೆನಿಸಬಹುದಾದ ಸಂಗತಿ ಒಂದುಂಟು. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ರೇಡಿಯೋ, ಸೈಕಲ್ಲು ಎರಡನ್ನೂ ರಿಪೇರಿ ಮಾಡುತ್ತಿದ್ದ ಅಂಗಡಿಯ ಇಬ್ಬರು ಪಾಲುದಾರರು ಬಗ್ಗಿ ಬಗ್ಗಿ ಸೊಂಟ ನೋವಾಗಿ, 1963ರಲ್ಲಿ ಸೈಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುವ ಸ್ಟ್ಯಾಂಡೊಂದನ್ನು ತಾವೇ ಮಾಡಿಕೊಂಡರು. ಇಂದು ಜಗತ್ತಿಗೆಲ್ಲ ಸೈಕಲ್ ಹತ್ಯಾರುಗಳನ್ನು ಒದಗಿಸುವ ‘ಪಾರ್ಕ್ ಟೂಲ್’ ಕಂಪನಿಯ ಮೂಲ ಅದು. ನಮ್ಮ ಕಡೆಯ ಸೈಕಲ್ ಶಾಪುಗಳಲ್ಲಿ ಆ ಕೆಲಸವನ್ನು ತೊಲೆಗೆ ಕಟ್ಟಿದ ಹಗ್ಗವೋ ಕೊಕ್ಕೆಯೋ ಮಾಡಿಕೊಟ್ಟಿದೆ.

ಇನ್ನು ಆರಿಸುವ ಮಾತು. ಹಳೆಯ ಮಾದರಿಯ ಸೈಕಲ್ಲಿದ್ದವರು ಏನನ್ನೂ ಕೊಳ್ಳಬೇಕಾಗಿಲ್ಲ. ಸ್ಟ್ಯಾಂಡಿನ ಸ್ಪ್ರಿಂಗನ್ನೂ ಬೋಲ್ಟುಗಳನ್ನೂ ಸರಿಯಾಗಿಟ್ಟುಕೊಂಡರೆ ಸಾಕು. ಪಂಚರಿಗೆ ಮಾತ್ರವಾದರೆ ಸೀಟು ಹ್ಯಾಂಡಲುಗಳ ಮೇಲೆ ಮಗುಚಿ ನಿಲ್ಲಿಸುವ ಪದ್ಧತಿಯೇ ಸಲ್ಲುತ್ತದೆ. ಆದರೆ ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕಿನ ಸೈಕಲ್ಲನ್ನು ಹಾಗೆ ಮಗುಚಬೇಡಿ. ಕೊಳವೆಯೊಳಕ್ಕೆ ಗಾಳಿ ಸೇರಿ ಬ್ರೇಕು ಸಡಿಲವಾಗಬಹುದು. ಗೇರ್ ಸೈಕಲ್ಲು ಒಂದೋ ಎರಡೋ ಇರುವ ಮನೆಗೆ, ಹಿಂದಿನ ಅಚ್ಚಿನ ಹತ್ತಿರ ಫ್ರೇಮನ್ನು ಎರಡು ಕೊಕ್ಕೆಗಳಿಂದ ಎತ್ತಿ ಹಿಡಿಯುವ ಸಣ್ಣ ಸ್ಟ್ಯಾಂಡು ಮೇಲು. ಬೆಲೆ ಕಡಮೆ, ಜಾಗ ಕಡಮೆ. ಗೇರು ತಿರುಗಿಸಿ ನೋಡಲು, ಚೈನು ಒರೆಸಲು ಅದೇ ಸಾಕು. ಗಾಲಿಗಳನ್ನು ಕಳಚುವ, ಫ್ರೇಮನ್ನೆಲ್ಲ ಬಿಚ್ಚಿ ಜೋಡಿಸುವ ಉತ್ಸಾಹವಿದ್ದವರು, ಅಥವಾ ಬಗ್ಗಲಾಗದ ವಯಸ್ಸಿನವರು ಮಾತ್ರ ಹಿಡಿಕೆಯ ಎತ್ತರದ ಸ್ಟ್ಯಾಂಡನ್ನು ಕೊಳ್ಳಲಿ. ಅದರ ಹಿಡಿಕೆಯನ್ನು ಸೀಟಿನ ಕೊಳವೆಗೆ ಕಚ್ಚಿಸಬೇಕೇ ಹೊರತು ತೆಳ್ಳಗಿನ ಫ್ರೇಮಿಗಲ್ಲ. ದೊಡ್ಡ ಸೈಕಲ್ಲು 20 ಕಿಲೋಗ್ರಾಮಿನ ಆಸುಪಾಸು ತೂಗುವುದರಿಂದ, ಸ್ಟ್ಯಾಂಡು ಅಷ್ಟನ್ನು ಹೊರುವುದೇ ಎಂದು ಕೇಳಿ ತಿಳಿಯಿರಿ. ಸೈಕಲ್ಲನ್ನು ಏರಿಸಿ ಹ್ಯಾಂಡಲನ್ನು ಅಲುಗಿಸಿದಾಗ ಕಾಲುಗಳು ಕದಲಬಾರದು. ನುಣುಪಾದ ನೆಲಕ್ಕೆ ರಬ್ಬರಿನ ಪಾದಗಳಿರಬೇಕು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಮಾತೇಕೆ? ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ದೂರದ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಪೆಡಲು ತುಳಿದು ಪ್ರೌಢಶಾಲೆಗೆ ಬಂದುದನ್ನು ಈ ಎರಡು ತಾಲ್ಲೂಕುಗಳ ರಸ್ತೆಗಳು ಕಂಡಿವೆ. ಕೋವಿಡ್ ಬಂದ ವರ್ಷದಿಂದ ಆ ವಿತರಣೆ ನಿಂತಿತು. ಹೊಸದು ಸಿಗದಾದಾಗ ಅಕ್ಕನ ಸೈಕಲ್ಲೇ ತಂಗಿಗೆ ಬರಬೇಕು. ಆದರೆ ಎಷ್ಟೋ ಸೈಕಲ್ಲುಗಳು ಒಂದು ಪಂಚರಿಗೆ, ಒಂದು ಸಡಿಲ ಕಡ್ಡಿಗೆ, ಕಳಚಿದ ಚೈನಿಗೆ ಜಗಲಿಯ ಮೂಲೆ ಸೇರಿ ತುಕ್ಕು ಹಿಡಿದುಹೋಗುತ್ತವೆ. ಸೈಕಲ್ ಶಾಪು ಇರುವುದು ಪೇಟೆಯಲ್ಲಿ. ಕೆಟ್ಟ ಸೈಕಲ್ಲನ್ನು ಅಲ್ಲಿಯವರೆಗೆ ತಳ್ಳಿಕೊಂಡು ಹೋಗುವವರು ಯಾರು? ಅರ್ಧ ಗಂಟೆಯ ಕೆಲಸಕ್ಕೆ ಒಂದು ಮಗುವಿನ ಶಾಲೆಯ ದಾರಿ ಕಡಿದುಹೋಗುತ್ತದೆ.

ಬೀದಿಗೊಂದು ಸ್ಟ್ಯಾಂಡು, ಒಂದು ಸ್ಪಾನರು, ಒಂದು ಪಂಪು ಇದ್ದರೂ ಇದು ತಪ್ಪೀತು. ನೀವು ಕೊಂಡದ್ದನ್ನು ನೆರೆಮನೆಯವರೂ ಬಳಸಲಿ. ಸೈಕಲ್ಲನ್ನು ಎತ್ತಿ ನಿಲ್ಲಿಸಿದ ಮೇಲೆ ಪೆಡಲನ್ನು ಮಾತ್ರ ಮನೆಯ ಮಕ್ಕಳ ಕೈಗೇ ಕೊಡಿ. ಗಾಲಿ ಹೇಳುವುದನ್ನು ಅವರೂ ಕೇಳಿ ಕಲಿಯಲಿ.